ಬಟ್ಟೆ ಚೀಲದಲ್ಲಿ ವೈರಸ್ ಇರುತ್ತೆ ಅನ್ನೋ ಮೆಸೇಜು ಇನ್ನಾದ್ರೂ ಕಳಿಸ್ಬೇಡಿ

ಪ್ರಶ್ನೆ: ಕೋವಿಡ್ ಟೈಮಲ್ಲಿ ಸರ್ಕಾರನೇ ಪ್ಲಾಸ್ಟಿಕ್ ಬ್ಯಾನ್ ಸಡಿಲ ಮಾಡಿತ್ತಂತೆ, ಬಟ್ಟೆ ಚೀಲದಲ್ಲಿ ವೈರಸ್ ಉಳ್ಕೊಳ್ಳುತ್ತೆ, ಬಳಸಿ ಬಿಸಾಕೋ ಕವರ್ರೇ ಸೇಫ್ ಅಂತ ಫ್ಯಾಮಿಲಿ ಗ್ರೂಪಲ್ಲಿ ಬಂದಿದೆ. ನಿಜಾನಾ ಸರ್?
– ಹಾಸನದ ಓದುಗರು

ಸುಳ್ಳು. 2020ರಿಂದ ಇದನ್ನೇ ಕೇಳ್ತಿದೀರ, ಎಲ್ಲಾದ್ರೂ ಜ್ವರದ ಸುದ್ದಿ ಬಂತು ಅಂದ್ರೆ ಸಾಕು ಅದೇ ಮೆಸೇಜು ಮತ್ತೆ ಎದ್ದು ಬರುತ್ತೆ. 2020ರ ಮಾರ್ಚಲ್ಲಿ ಬಂದ ಲ್ಯಾಬ್ ಅಧ್ಯಯನದಲ್ಲಿ ಕೊರೊನಾ ವೈರಸ್ಸು ಪ್ಲಾಸ್ಟಿಕ್ ಮೇಲೆ 72 ಗಂಟೆವರೆಗೂ ಸಿಕ್ಕಿತ್ತು, ರಟ್ಟಿನ ಮೇಲೆ 24 ಗಂಟೆ ಆದ್ಮೇಲೆ ಸಿಗ್ಲಿಲ್ಲ, ಹಂಗಿದ್ಮೇಲೆ ಪ್ಲಾಸ್ಟಿಕ್ ಹೆಂಗ್ರೀ ಸೇಫು? ಮುಂದಿನ ವರ್ಷ ಏಪ್ರಿಲಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ವೈರಸ್ ಇರೋ ವಸ್ತು ಮುಟ್ಟಿ ಸೋಂಕು ತಗಲೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಮ್ಮಿ ಅಂತ್ಲೂ ಹೇಳ್ತು. ಅದು ಮುಖ್ಯವಾಗಿ ಹರಡಿದ್ದು ಉಸಿರಿಂದ. ಕೆಮ್ಮು ಇದ್ರೆ ಮಾಸ್ಕ್ ಹಾಕ್ಕೊಳಿ, ಚೀಲದ ಮೇಲೆ ಯಾಕೆ ಸಿಟ್ಟು?

ಸರ್ಕಾರದ ವಿಷಯ. ಸಡಿಲ ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ, 2020ರ ಏಪ್ರಿಲಲ್ಲಿ ಕ್ಯಾರಿಬ್ಯಾಗ್ ನಿಷೇಧಾನ 60 ದಿನ ತಡೆಹಿಡಿದ್ರು. ಇಂಗ್ಲೆಂಡಲ್ಲಿ ಸ್ಟ್ರಾ ನಿಷೇಧ ಆ ವರ್ಷದ ಅಕ್ಟೋಬರಿಗೆ ಮುಂದಕ್ಕೆ ಹೋಯ್ತು. ಆ ಸುದ್ದೀನ ನಮ್ಮೂರಿಗೆ ಅಂಟ್ಸಿದಾರೆ. ಕರ್ನಾಟಕದಲ್ಲಿ 2016ರ ಮಾರ್ಚಲ್ಲೇ ಕ್ಯಾರಿಬ್ಯಾಗ್ ನಿಷೇಧ ಆಗಿದೆ, ಎಷ್ಟೇ ಮೈಕ್ರಾನ್ ದಪ್ಪ ಇರ್ಲಿ. ಕೇಂದ್ರ ಸರ್ಕಾರ ಕೋವಿಡ್ ಮಧ್ಯದಲ್ಲೇ, 2021ರ ಆಗಸ್ಟಲ್ಲಿ, ನಿಯಮ ಬಿಗಿ ಮಾಡ್ತು, 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಎಲ್ಲಾ ಬಂದ್.

ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗುವಾಗ ಮನೆ ಚೀಲ ತಗೊಂಡು ಹೋಗಿ, ಬಂದ್ಮೇಲೆ ಸೋಪ್ ಹಾಕಿ ಒಗೆದು ಬಿಸಿಲಿಗೆ ಹಾಕಿ, ಅಷ್ಟೇ. ಚೀಲ ಹತ್ತಿ ಬಟ್ಟೇದೇ ಇರ್ಲಿ. ಯಾಕಂದ್ರೆ ಅಂಗಡೀಲಿ ಬಟ್ಟೆ ಬ್ಯಾಗು ಅಂತ ಕೊಡೋ ನಾನ್ ವೋವನ್ (ನೇಯದ) ಬ್ಯಾಗು ಸಾಮಾನ್ಯವಾಗಿ ಪಾಲಿಪ್ರೊಪಿಲೀನು, ಅದೂ ಪ್ಲಾಸ್ಟಿಕ್ಕೇ, ನೀವು ಹಾಕ್ಕೊಳೋ ಸರ್ಜಿಕಲ್ ಮಾಸ್ಕೂ ಅದರದ್ದೇ.

ಪ್ರಶ್ನೆ: ಹಳೇ ಮಾಸ್ಕ್ ಬಚ್ಚಲೊಲೆಗೆ ಹಾಕ್ಬಹುದಾ?
ಬೇಡ! ಆ ವಿಷದ ಹೊಗೆ ಕುಡಿಯೋದು ಮನೆ ಮಕ್ಕಳೇ. ಕತ್ತರಿಸಿ, ಪೇಪರ್ ಕವರಲ್ಲಿ 72 ಗಂಟೆ ಇಟ್ಟು, ಒಣ ಕಸಕ್ಕೆ ಹಾಕಿ.

ಪ್ರಶ್ನೆ: ತರಕಾರಿ ಮೇಲೆ ಸ್ಯಾನಿಟೈಸರ್ ಹೊಡೀರಿ ಅಂತ ವಿಡಿಯೋ ಬಂದಿದೆ?
ಆ ವಿಡಿಯೋ ಮಾಡಿದವರಿಗೆ ಏನೂ ಗೊತ್ತಿಲ್ಲ, ನೀರಲ್ಲಿ ತೊಳೀರಿ.

ಪ್ರಶ್ನೆ: ಪೇಪರ್ ಕಪ್ಪಲ್ಲಿ ಟೀ ಕುಡಿದ್ರೆ ಪರ್ವಾಗಿಲ್ವಾ?
ಒಳಗಡೆ ಇರೋದು ಪ್ಲಾಸ್ಟಿಕ್ ಲೇಪ. ಸ್ಟೀಲ್ ಲೋಟ ಕೇಳಿ.