ಮಂಡಿ ಸವೆದಿದೆ, ಬೀಳುವ ಭಯ ಇದೆ: ವಾಕಿಂಗ್ ನಿಲ್ಲಿಸಿ ವಿಶ್ರಾಂತಿ ತಗೊಳ್ಳಲಾ?

ಮಂಡಿ ಸವೆತ, ಎರಡು ಸಲ ಮುಗ್ಗರಿಸಿದ್ದು, ಈಗ ನಡೆಯಲೇ ಹೆದರಿಕೆ ಅಂತ ಕೇಳಿದ್ದೀರಿ. ನನ್ನ ಕಥೆಯೂ ಇದೇ. ಆದರೆ ನಾನು ವಾಕಿಂಗ್ ಬಿಟ್ಟಿರಲಿಲ್ಲ. ಸಮತಟ್ಟಾದ ದಾರಿಯಲ್ಲಿ ದಿನಾ ನಡೆಯುತ್ತಿದ್ದೆ. ಆದರೂ ಬಿದ್ದೆ, ಅದೂ ಮನೆಯೊಳಗೆ. ಹಿಂದಿನಿಂದ ಯಾರೋ ಕರೆದರು, ಸರಕ್ಕನೆ ತಿರುಗಿದೆ, ಆಯ ತಪ್ಪಿತು. ಕೈ ಊರಿ ಬಿದ್ದಿದ್ದಕ್ಕೆ ಮಣಿಕಟ್ಟು ಮುರಿಯಿತು.

ಯಾಕೆ ಬಿದ್ದೆ ಅಂತ ಆಮೇಲೆ ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದರು. ನಡೆಯುವುದೊಂದನ್ನು ಬಿಟ್ಟು ಕಾಲಿನ ಕೆಲಸವನ್ನೆಲ್ಲ ನಾನು ಕೈಗೆ ವಹಿಸಿದ್ದೆ. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಿದ್ದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಿದ್ದೆ. ನಿಂತರೆ ನೋವಿಲ್ಲದ ಕಾಲಿನ ಮೇಲೇ ಭಾರ. ಮಂಡಿಯನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಮಂಡಿಯಲ್ಲಿ ನೋವು, ಊತ ಇದ್ದಾಗ ತೊಡೆಯ ಮುಂದಿನ ಸ್ನಾಯು ಹೇಗೂ ಪೂರ್ತಿ ಬಲ ಹಾಕುವುದಿಲ್ಲ. ಅದರ ಮೇಲೆ ನಾನೂ ಅದಕ್ಕೆ ಕೆಲಸ ಕೊಡಲಿಲ್ಲ, ಸೊರಗಿಹೋಯಿತು. ಸಾಲದ್ದಕ್ಕೆ, ಕಾಲು ಎಲ್ಲಿದೆ, ಎಷ್ಟು ಮಡಚಿದೆ ಅಂತ ಮಿದುಳಿಗೆ ತಿಳಿಸುವ ಸೂಕ್ಷ್ಮ ಸಂವೇದನೆಯೂ ಸವೆದ ಮಂಡಿಯಲ್ಲಿ ಕಮ್ಮಿಯಾಗಿರುತ್ತದೆ. ನೇರ ದಾರಿಯಲ್ಲಿ ನಡೆಯುವಾಗ ಇದ್ಯಾವುದೂ ಗೊತ್ತಾಗುವುದಿಲ್ಲ. ತಿರುಗುವಾಗ, ಬಗ್ಗುವಾಗ, ಒಂದೇ ಕಾಲಿನ ಮೇಲೆ ಭಾರ ಬಿದ್ದಾಗ ಗೊತ್ತಾಗುತ್ತದೆ.

ಹಾಗಾಗಿ ವಾಕಿಂಗಾ ವಿಶ್ರಾಂತಿಯಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಿಶ್ರಾಂತಿಯಂತೂ ಬೇಡವೇ ಬೇಡ. ಮಂಡಿಯ ಕಾರ್ಟಿಲೇಜಿಗೆ, ಅಂದರೆ ಮೂಳೆಯ ತುದಿಯ ನುಣುಪು ಹೊದಿಕೆಗೆ, ರಕ್ತನಾಳ ಇಲ್ಲ, ಕೀಲು ಆಡಿದಾಗಲೇ ಅದಕ್ಕೆ ಒಳಗಿನ ದ್ರವದಿಂದ ಪೋಷಣೆ ಸರಿಯಾಗಿ ಸಿಗುವುದು. ವಾಕಿಂಗ್ ಮಾಡಿ, ಆದರೆ ಬೀಳದಂತೆ ಅದೊಂದೇ ಕಾಯುತ್ತದೆ ಅಂತ ನಂಬಬೇಡಿ. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಬ್ಯಾಲೆನ್ಸ್ ಮತ್ತು ಬಲ ಎರಡಕ್ಕೂ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ವಯಸ್ಸಾದವರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯ 2019ರ ವಿಮರ್ಶೆಯಲ್ಲಿ, ವ್ಯಾಯಾಮ ಮಾಡಿದವರು ಬೀಳುವುದು ಸುಮಾರು ಶೇ. 23ರಷ್ಟು ಕಡಿಮೆಯಾಗಿತ್ತು.

ನಾನು ಶುರು ಮಾಡಿದ್ದು ಕುರ್ಚಿಯಿಂದ. ಸ್ವಲ್ಪ ಎತ್ತರದ ಕುರ್ಚಿ, ಹಿಂದೆ ಗೋಡೆ, ಕೈ ಊರದೆ ನಿಧಾನವಾಗಿ ಏಳುವುದು, ಇನ್ನೂ ನಿಧಾನವಾಗಿ ಕೂರುವುದು. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಆಮೇಲೆ ಗಟ್ಟಿ ಮೇಜು ಹಿಡಿದು ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ಅದು ಸಲೀಸಾದ ಮೇಲೆ ಒಂಟಿ ಕಾಲು. ಹಿಡಿತವನ್ನು ಕೈಯಿಂದ ಬೆರಳಿಗೆ ಇಳಿಸುತ್ತಾ ಬನ್ನಿ. ಹತ್ತಿರದಲ್ಲಿ ತೈ ಚಿ (ನಿಧಾನ ಚಲನೆಯ ಚೀನೀ ವ್ಯಾಯಾಮ) ಕಲಿಸುವವರಿದ್ದರೆ ಖಂಡಿತ ಸೇರಿಕೊಳ್ಳಿ. ಮಂಡಿ, ಸೊಂಟದ ಕೀಲು ಸವೆತಕ್ಕೆ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲಿ ಅದನ್ನು ಬಲವಾಗಿ ಶಿಫಾರಸು ಮಾಡಿದೆ.

ನೋವು ಸ್ವಲ್ಪ ಬರುತ್ತದೆ, ಹೆದರಬೇಡಿ. ಮರುದಿನದ ಹೊತ್ತಿಗೆ ಮೊದಲಿನಂತಾದರೆ ಮುಂದುವರಿಸಿ. ಆಗದಿದ್ದರೆ ಸ್ವಲ್ಪ ಕಡಿಮೆ ಮಾಡಿ. ಮಂಡಿ ಊದಿ ಬಿಸಿಯಾಗಿದ್ದರೆ ಅದು ಇಳಿಯುವವರೆಗೆ ಬಲದ ವ್ಯಾಯಾಮ ಬೇಡ. ಕೋಲು ಹಿಡಿಯಲು ನಾಚಿಕೆ ಯಾಕೆ? ನೋವಿರುವ ಕಾಲಿನ ಕಡೆ ಹಿಡಿಯಬೇಡಿ, ಇನ್ನೊಂದು ಕೈಯಲ್ಲಿ ಹಿಡಿಯಿರಿ.

ಎರಡು ಸಲ ಮುಗ್ಗರಿಸಿದ್ದನ್ನು ಮಾತ್ರ ಸುಮ್ನೆ ಬಿಡಬೇಡಿ. ವ್ಯಾಯಾಮ ಶುರು ಮಾಡುವ ಮುಂಚೆ ಡಾಕ್ಟರಿಗೆ ಅದನ್ನು ಹೇಳಿ, ಕಣ್ಣು ಪರೀಕ್ಷೆ ಮಾಡಿಸಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ಏನಾದರೂ ತಗೊಳ್ಳುತ್ತಿದ್ದರೆ ಅವುಗಳ ಪಟ್ಟಿಯನ್ನೂ ತೋರಿಸಿ. ಅವುಗಳಿಂದ ತಲೆ ತಿರುಗಿ ಮುಗ್ಗರಿಸಿರಲೂಬಹುದು.