ತಟ್ಟೆ ಬೇರೆ ಮಾಡಬೇಡಿ, ಹುಡುಗನನ್ನು ಓಡಲು ಬಿಡಿ

ಓದುಗರ ಪತ್ರ: "ನನ್ನ ಮಗನಿಗೆ ಹನ್ನೊಂದು ವರ್ಷ, ತೂಕ 58 ಕೆಜಿ. ಕುತ್ತಿಗೆಯ ಹಿಂದೆ ಕಪ್ಪಾಗಿದೆ. ಶಿವಮೊಗ್ಗದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಜಾಸ್ತಿ ಇದೆ, ಬೊಜ್ಜಿನಿಂದ ಒಳಗೆ ಉರಿಯೂತ ಶುರುವಾಗಿದೆ ಅಂದರು. ಅವತ್ತಿನಿಂದ ಅನ್ನ, ಕಡುಬು, ತುಪ್ಪ ನಿಲ್ಲಿಸಿ ಓಟ್ಸ್ ಕೊಡುತ್ತಿದ್ದೇನೆ. ತಂಗಿ ಒಳಗೆ ಕಡುಬು ತಿನ್ನುವಾಗ ಇವನು ಜಗಲಿಯಲ್ಲಿ ಕೂತು ಅಳುತ್ತಾನೆ. ನಮ್ಮ ಮನೆಯವರು, ಊಟ ಬಿಡಿಸಬೇಡ, ಆಡಲಿಕ್ಕೆ ಬಿಡು ಅಂತಾರೆ. ಯಾರ ಮಾತು ಸರಿ?" – ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಮನೆಯವರ ಮಾತಿಗೇ ನನ್ನ ಒಲವು ತಾಯಿ. ಆದರೆ ಹುಡುಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಲ್ಲ, ಅದಕ್ಕೆ ನಿಮ್ಮನ್ನು ಮೆಚ್ಚಬೇಕು. ಎಷ್ಟೋ ಮನೆಗಳಲ್ಲಿ ಆ ಕಪ್ಪನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು ಹಾಕಿ ತಿಕ್ಕುತ್ತಾರೆ. ಮಗುವಿನ ಚರ್ಮ ಕೆಂಪಾಗುತ್ತದೆ, ಕಪ್ಪು ಹೋಗುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದ ಗುರುತು ಅದು.

ಊಟದ ವಿಷಯ ಮೊದಲು ಮುಗಿಸೋಣ. ಊಟ ಮುಖ್ಯವೇ. ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಊಟ, ವ್ಯಾಯಾಮ ಎರಡೂ ಸೇರಿ ಬೊಜ್ಜು ಕರಗಿದಾಗಲೇ ಸಿಆರ್‌ಪಿ ಸ್ಪಷ್ಟವಾಗಿ ಇಳಿದಿರುವುದು. ಬರೀ ವ್ಯಾಯಾಮ ಮಾಡಿಸಿದ ಕಡೆ ಒಂದೊಂದು ಅಧ್ಯಯನದ ಫಲ ಒಂದೊಂದು ಥರ. ಸಕ್ಕರೆಯ ಮೇಲೆ ಹಿಡಿತ ಬೇಕು. ಮೇಲಿಂದ ಬೆರೆಸಿದ ಸಕ್ಕರೆ ಮಕ್ಕಳಿಗೆ ದಿನಕ್ಕೆ 25 ಗ್ರಾಂ ದಾಟಬಾರದು ಎಂದು ಅಮೆರಿಕದ ಹೃದಯತಜ್ಞರ ಸಂಘ 2016ರಲ್ಲಿ ಹೇಳಿತು. ಬಸ್ ಸ್ಟ್ಯಾಂಡಿನ ಅಂಗಡಿಯ ಒಂದು ಸಣ್ಣ ಬಾಟಲಿ ಕೂಲ್‌ಡ್ರಿಂಕ್ಸ್‌ನಲ್ಲೇ ಅಷ್ಟು ಮುಗಿಯುತ್ತದೆ. ಅದನ್ನೂ ಬೇಕರಿ ಪಫ್ಸನ್ನೂ ಹತ್ತು ರೂಪಾಯಿಯ ಪ್ಯಾಕೆಟ್ಟನ್ನೂ ಮನೆಮಂದಿಯೆಲ್ಲ ಬಿಡಿ. ಕಡುಬಿನ ಮೇಲೆ ಸಿಟ್ಟು ಬೇಡ. ಒಂದು ಕಡಿಮೆ ತಿನ್ನಲಿ, ಹೆಸರುಕಾಳಿನ ಸಾರು, ಸೊಪ್ಪಿನ ಪಲ್ಯ ಜಾಸ್ತಿ ಹಾಕಿಕೊಳ್ಳಲಿ. ಕಾಳು, ಸೊಪ್ಪಿನ ನಾರಿನಿಂದ ಕರುಳಿನ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಉರಿಯೂತ ತಗ್ಗಿಸಲು ಅದೂ ನೆರವಾಗುತ್ತದೆ. ಆದರೆ ಆ ಜಗಲಿಯ ತಟ್ಟೆ ಇವತ್ತೇ ಒಳಗೆ ಬರಲಿ. ಹನ್ನೊಂದು ವರ್ಷದ ಹುಡುಗನನ್ನು ಊಟದ ಹೊತ್ತಿಗೆ ಹೊರಗೆ ಕೂರಿಸಿದರೆ ಅವನಿಗೆ ತಾನೇ ತಪ್ಪು ಮಾಡಿದೆ ಅನಿಸುತ್ತದೆ, ಅಲ್ವಾ?

ಈಗ ಒಳಗೆ ಆಗಿರುವುದೇನು ನೋಡಿ. ಕೊಬ್ಬು ಅಂದರೆ ಸುಮ್ನೆ ಶೇಖರವಾಗಿ ಬಿದ್ದಿರುವ ವಸ್ತು ಎಂದು ಬಹಳ ಕಾಲ ವೈದ್ಯರೂ ನಂಬಿದ್ದರು. 1993ರಲ್ಲಿ, ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲೇ ಟಿಎನ್ಎಫ್ ಎಂಬ ಉರಿಯೂತದ ರಾಸಾಯನಿಕ ತಯಾರಾಗುವುದು ಗೊತ್ತಾಯಿತು. 2003ರಲ್ಲಿ ಆ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಗುಂಪುಗಟ್ಟಿರುವುದು ಕಂಡಿತು. ಕೊಬ್ಬಿನ ಕೋಶ ಊದಿಕೊಂಡ ಹಾಗೆಲ್ಲ ಅದಕ್ಕೆ ಆಕ್ಸಿಜನ್ ಸಾಲುವುದಿಲ್ಲ. ಕೆಲವು ಸಾಯುತ್ತವೆ. ರಕ್ಷಣಾ ಕೋಶಗಳು ಅಲ್ಲಿಗೆ ನುಗ್ಗುತ್ತವೆ. ಅವು ಬಿಟ್ಟ ರಾಸಾಯನಿಕ ಲಿವರ್‌ಗೆ ಮುಟ್ಟಿದಾಗ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಮಗುವಿಗೆ ಜ್ವರ ಇಲ್ಲ, ನೋವಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಇದು ವರ್ಷಗಟ್ಟಲೆ ಇರುತ್ತದೆ.

ಈ ಜಗಳದಲ್ಲಿ ಮಗುವಿನ ಪರ ನಿಲ್ಲುವುದು ಅದರ ಸ್ನಾಯು. ನನಗೆ ಬಹಳ ಹಿಡಿಸಿದ ಸಂಗತಿ ಇದು. 2000ದ ಸುಮಾರಿಗೆ ಕೋಪನ್‌ಹೇಗನ್ನಿನಲ್ಲಿ ಬೆಂಟೆ ಪೆಡರ್ಸನ್ ಮತ್ತು ಅವರ ಸಂಗಡಿಗರು, ದುಡಿಯುವ ಕಾಲಿನ ಸ್ನಾಯು ಐಎಲ್-6 ಎಂಬ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ ಎಂದು ತೋರಿಸಿದರು. ಬೊಜ್ಜಿನಿಂದ ದಿನವಿಡೀ ಜಿನುಗುವುದೂ ಅದೇ ಐಎಲ್-6. ಆದರೆ ಓಡಿದಾಗ ಸ್ನಾಯುವಿನಿಂದ ಏರಿ ಇಳಿಯುವ ಐಎಲ್-6 ಉರಿಯೂತ ಶಮನ ಮಾಡುವ ಐಎಲ್-10ನ್ನು ಕರೆತರುತ್ತದೆ, ಟಿಎನ್ಎಫ್ಅನ್ನು ತಡೆಯುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ತೂಕ ಇಳಿಯದಿದ್ದರೂ ಹೊಟ್ಟೆಯೊಳಗಿನ ಕೊಬ್ಬು ಕರಗಬಹುದು. ಇದನ್ನೆಲ್ಲ ಓಟ್ಸ್ ಮಾಡಿಕೊಡುವುದಿಲ್ಲ.

ತಕ್ಕಡಿಯನ್ನೇ ನಂಬಬೇಡಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹಾಕಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಕೂಡ 22.3. ಮೈಯ ಕೊಬ್ಬು ಮಾತ್ರ ಯಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ನಮ್ಮ ಜನ ಹುಟ್ಟುವಾಗಲೇ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ ಇಟ್ಟುಕೊಂಡು ಬರುತ್ತಾರೆ ಎಂಬುದು ಅವರ ವಾದ. ಯಡ್ಕಿನ್ ಮ್ಯಾರಥಾನ್ ಓಡುವವರು ಎಂಬುದನ್ನೂ ಮರೆಯಬೇಡಿ.

"ಮಳೆಯಲ್ಲಿ ಎಲ್ಲಿ ಆಡೋದು" ಅಂತ ನೀವು ಕೇಳುತ್ತೀರಿ, ಗೊತ್ತು. ಸಾಗರದ ಕಡೆ ನನ್ನ ಬಂಧುಗಳ ಹುಡುಗಿಯೊಬ್ಬಳನ್ನು ಯಕ್ಷಗಾನ ಕ್ಲಾಸಿಗೆ ಹಾಕಿದರು. ನಿಮ್ಮ ಮಗನ ಹಾಗೇ ದಪ್ಪ. ಮೊದಲು ಹೆಜ್ಜೆ ಹಾಕುತ್ತಲೇ ಏದುಸಿರು, ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಗಿರಗಿರನೆ ತಿರುಗಿ ಜಿಗಿಯುವ ಧೀಂಗಿಣ ಹಾರುತ್ತಿದ್ದಳು. ಚೆಂಡೆ ನಿಂತರೂ ಅವಳ ಕಾಲು ನಿಲ್ಲುತ್ತಿರಲಿಲ್ಲ. ತೂಕ ಹೆಚ್ಚೇನೂ ಇಳಿದಿರಲಿಲ್ಲ, ಫ್ರಾಕಿನ ಸೊಂಟ ಸಡಿಲವಾಗಿತ್ತು. ಕುಂಟೆಬಿಲ್ಲೆ ಆಡಲು, ಹಗ್ಗ ಹಾರಲು ನಿಮ್ಮ ಜಗಲಿಯೇ ಸಾಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಓಡಾಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿಕೊಂಡು ಮಾಡಿದರೂ ಆಯಿತು.

ಆದರೆ ಆ ಅರವತ್ತು ನಿಮಿಷ ಎಲ್ಲಿದೆ? ಗೊರಬು ಹಾಕಿಕೊಂಡು, ಸಂಕ ದಾಟಿ, ಇಂಬಳ ಕಿತ್ತೆಸೆಯುತ್ತಾ ಶಾಲೆಗೆ ನಡೆದ ಊರು ನಮ್ಮದು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಬೆಳಗ್ಗೆ ಘಾಟಿ ರಸ್ತೆಯಲ್ಲಿ ಏರು ಬಂದಲ್ಲೆಲ್ಲ ಸೈಕಲ್ ತಳ್ಳಿಕೊಂಡು ಹೋಗುವ ಸಾಲು ನೋಡುವುದೇ ಚೆಂದವಿತ್ತು. ಈಗ ವ್ಯಾನು ಅಂಗಳಕ್ಕೇ ಬರುತ್ತದೆ. ನಡೆಸೋಣ ಅಂದರೆ ರಸ್ತೆ ಬದಿಯಲ್ಲಿ ಕಾಲಿಡಲು ಜಾಗವಿಲ್ಲ, ಟಿಪ್ಪರ್ ಭಯ. ಸಂಜೆ ಟ್ಯೂಷನ್. ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದು ಆಟದ ಪೀರಿಯಡ್, ಅಲ್ಲಿ ಗಣಿತ ಬಂದು ಕೂರುತ್ತದೆ. ಪಿಟಿ ಮೇಷ್ಟ್ರಿಗೆ ಬೇರೆ ಕೆಲಸ ಹಚ್ಚುತ್ತಾರೆ. ಮಕ್ಕಳ ಕಾಲು ಕಟ್ಟಿಹಾಕಿದವರು ನಾವು ದೊಡ್ಡವರು. ಆಮೇಲೆ ಅವರ ತಟ್ಟೆ ಕಿತ್ತುಕೊಳ್ಳುವುದು ಯಾವ ನ್ಯಾಯ?

ಇನ್ನೊಂದು ಮಾತು. ಡಾಕ್ಟರು ಮತ್ತೆ ಪರೀಕ್ಷೆ ಬರೆದುಕೊಟ್ಟರೆ ಶೀತ, ಕೆಮ್ಮು, ಜ್ವರ ಇರುವಾಗ ಮಾಡಿಸಬೇಡಿ. ಸಣ್ಣ ಸೋಂಕಿಗೂ ಸಿಆರ್‌ಪಿ ಏರುತ್ತದೆ, ಸುಮ್ನೆ ಗಾಬರಿ. ಲಿವರ್, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ ನೋಡಬೇಕೇ ಎಂದು ಅವರನ್ನೇ ಕೇಳಿ. ಶಾಲೆಯ ಪೋಷಕರ ಸಭೆಗೆ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ, ವಾರಕ್ಕೆ ಎಷ್ಟು ಆಟದ ಪೀರಿಯಡ್ ನಿಜವಾಗಿ ನಡೆಯುತ್ತಿದೆ ಎಂದು ಇಬ್ಬರೂ ಕೇಳಿ. ಉಳಿದ ಓದುಗರೂ ತಮ್ಮೂರಿನ ಶಾಲೆಯಲ್ಲಿ ಕೇಳಿ ನಮಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಎರಡು ಪುಟ ತೆಗೆದಿಡುತ್ತೇವೆ.