ಅಜ್ಜಿಗೆ ಹೇಳಿದಳು, ನಿಮಗೇಕೆ ಹೇಳಲಿಲ್ಲ?

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ನಾನು ಎಸ್ಟೇಟ್ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಾಫಿ ಕೊಯ್ಲಿನ ಸಮಯದಲ್ಲಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಮಗಳು ಅಜ್ಜಿಯ, ಅಂದರೆ ನನ್ನ ಅತ್ತೆಯ, ಮೊಬೈಲ್‌ನಲ್ಲಿ ಆಟವಾಡುತ್ತಾಳೆ. ಆ ಆಟದಲ್ಲಿ ‘ಅಕ್ಕ’ ಎಂದುಕೊಂಡು ಬಂದ ಯಾರೋ ಊರು, ಶಾಲೆ ಕೇಳಿ, ಸಮವಸ್ತ್ರದ ಫೋಟೊ ತರಿಸಿಕೊಂಡಿದ್ದಾರೆ. ಆಮೇಲೆ ‘ಇನ್ನೊಂದು ಕಳಿಸು, ಅಮ್ಮನಿಗೆ ಹೇಳಬೇಡ’ ಎಂದಿದ್ದಾರೆ. ಅವಳು ಹೆದರಿ ಅಜ್ಜಿಗೆ ಹೇಳಿದಳು. ನನಗೆ ತಿಳಿದಾಗ ಎರಡೇಟು ಕೊಟ್ಟೆ. ಈಗ ನನ್ನೊಡನೆ ಮಾತೇ ಇಲ್ಲ. ಹತ್ತನೇ ತರಗತಿಯವರೆಗೆ ಮೊಬೈಲ್ ಮುಟ್ಟಿಸಬೇಡ ಎನ್ನುತ್ತಾರೆ ಯಜಮಾನರು. ದೂರು ಕೊಟ್ಟರೆ ಮಾನ ಹೋಗುತ್ತದೆಂಬ ಭಯ.
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಸಿಟ್ಟಿನಲ್ಲಿ ಆ ಆಟವನ್ನು ಅಳಿಸಿ ಹಾಕಿಲ್ಲ ತಾನೆ? ಅಳಿಸಬೇಡಿ. ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದು, ಆ ‘ಅಕ್ಕ’ನ ಖಾತೆಯ ಹೆಸರನ್ನು ಬರೆದಿಟ್ಟುಕೊಂಡು, ಆಮೇಲೆ ಬ್ಲಾಕ್ ಮಾಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಾಸನದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆ (ಸೆನ್) ಇದೆ. ಮಾನದ ಭಯ ನನಗೆ ಅರ್ಥವಾಗುತ್ತದೆ. ಆದರೆ ಎರಡನೇ ಸಲ ಕೇಳಿದ್ದು ಎಂಥ ಫೋಟೊ ಎಂದು ನೀವು ಬರೆದಿಲ್ಲ. ಅದು ಕೆಟ್ಟ ಉದ್ದೇಶದ್ದಾಗಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ, ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡುವಂತಿಲ್ಲ.

ಇನ್ನು ಆ ಎರಡೇಟು. ತೋಟದ ಅಂಚಿನಲ್ಲಿ ಆನೆ ಕಂಡೆ ಎಂದು ಮಗಳು ಓಡಿಬಂದು ಹೇಳಿದರೆ, ‘ಅಲ್ಲಿಗೇಕೆ ಹೋಗಿದ್ದೆ’ ಎಂದು ಬಾರಿಸುತ್ತೀರಾ? ಬಾರಿಸಿದರೆ ಮುಂದಿನ ಸಲ ಆನೆ ಅಂಗಳಕ್ಕೇ ಬಂದರೂ ಅವಳು ಬಾಯಿ ಬಿಡುವುದಿಲ್ಲ. ‘ಅಮ್ಮನಿಗೆ ಹೇಳಬೇಡ’ ಎಂಬ ಮಾತಿನಲ್ಲಿ ಏನೋ ಸರಿಯಿಲ್ಲವೆಂದು ಒಂಬತ್ತು ವರ್ಷದ ಹುಡುಗಿಗೆ ಹೊಳೆದಿದೆಯಲ್ಲ, ಅದಕ್ಕೆ ಬೆನ್ನು ತಟ್ಟಬೇಕಿತ್ತು. ಇವತ್ತೇ ಕ್ಷಮೆ ಕೇಳಿ. ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ತಾಯ್ತನಕ್ಕೇನೂ ಕುಂದಿಲ್ಲ.

ಅವಳು ಊರು, ಶಾಲೆ ಹೇಳಿದ್ದೂ ಅವಳ ತಪ್ಪಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜ ‘ಯಾರ ಮನೆ ಮಗು, ಯಾವ ಶಾಲೆ’ ಎಂದರೆ ನೆಟ್ಟಗೆ ಉತ್ತರಿಸಬೇಕೆಂದು ಕಲಿಸಿದವರು ನಾವೇ. ಕಂಡವರನ್ನೆಲ್ಲ ಅಕ್ಕ, ಮಾಮ ಎಂದು ಕರೆಸುವವರೂ ನಾವೇ. ಮೊಬೈಲ್‌ನೊಳಗಿನ ಅಕ್ಕನಿಗೆ ಮುಖವಿಲ್ಲ, ಅದು ಮೀಸೆ ಹೊತ್ತ ಗಂಡಸೂ ಆಗಿರಬಹುದು ಎಂದು ಬಿಡಿಸಿ ಹೇಳಿ. ನೀವೇ ಇನ್ನೊಂದು ಮೊಬೈಲ್ ಹಿಡಿದು, ಬೇರೆ ಹೆಸರಿನಲ್ಲಿ ಅವಳಿಗೆ ಸಂದೇಶ ಕಳಿಸಿ ಆಟದಂತೆ ತೋರಿಸಿದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಗುಟ್ಟಾಗಿಡು ಎಂದವರ ಮಾತನ್ನು ತಕ್ಷಣ ದೊಡ್ಡವರಿಗೆ ಹೇಳಬೇಕು. ಸದ್ಯಕ್ಕೆ ಈ ಒಂದು ನಿಯಮ ಸಾಕು.

ಸಮವಸ್ತ್ರದ ಫೋಟೊ ಎಂದಾಗ ನೆನಪಾಯಿತು. ಶಾಲೆ ಶುರುವಾದ ದಿನ ಅದೇ ಸಮವಸ್ತ್ರದ ಫೋಟೊವನ್ನು ನೀವು ಸ್ಟೇಟಸ್‌ಗೆ ಹಾಕಿರಲಿಲ್ಲವೇ? ಬಹುತೇಕ ಎಲ್ಲರೂ ಹಾಕುತ್ತಾರೆ. ಇನ್ನು ಮುಂದೆ ಹಾಕುವ ಮೊದಲು ಅವಳನ್ನು ಕೇಳಿ.

ಹತ್ತನೇ ತರಗತಿವರೆಗೆ ಮೊಬೈಲ್ ಬೇಡವೆನ್ನುವ ಯಜಮಾನರ ಹಟ ನಡೆಯುವುದಿಲ್ಲ. ನಿಮ್ಮ ಕಣ್ಣು ತಪ್ಪಿಸಿ ಗೆಳತಿಯ ಮನೆಯಲ್ಲಿ ಆಡುತ್ತಾಳೆ, ಅಷ್ಟೆ. ಆಟದ ಚಾಟ್ ಬಂದ್ ಮಾಡಿ. ಹೊಸ ಆಟ ಹಾಕಿಕೊಳ್ಳಲು ನಿಮ್ಮ ಅನುಮತಿ ಬೇಕೆನ್ನುವಂತೆ ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ ಹೊಂದಿಸಬಹುದು. ಆದರೆ ಅದಕ್ಕೆ ಮಗಳ ಹೆಸರಿನ ಖಾತೆ ಬೇಕು, ಅತ್ತೆಯವರ ಖಾತೆಯಲ್ಲಿ ಆಗದು. ಅಲ್ಲಿಯವರೆಗೆ ಮೊಬೈಲ್ ಹಜಾರದಲ್ಲೇ ಇರಲಿ, ಕೋಣೆಗೆ ಹೋಗುವುದು ಬೇಡ.

ನಿಮ್ಮ ಅತ್ತೆಯವರ ಮೇಲೆ ಮಾತ್ರ ರೇಗಬೇಡಿ. ಮಗು ಹೋಗಿ ಹೇಳಿದ್ದು ಅವರಿಗೆ. ಅವರ ಮೊಬೈಲ್‌ನಲ್ಲಿ 1098 ಅನ್ನು ಉಳಿಸಿಕೊಡುವ ಕೆಲಸವನ್ನು ಮಗಳಿಗೇ ಒಪ್ಪಿಸಿ.